ಮತ್ತೆ ಹೋಗಬಲ್ಲವರ ಭಾಗ್ಯ, ಮತ್ತೆ ಹೋಗಬಲ್ಲವರ ಹೊಣೆ

ರಾಜ್ಯ ಸರ್ಕಾರ ಮುಂದಿನ ವರ್ಷದ ಸಾರ್ವತ್ರಿಕ ರಜೆಗಳ ಪಟ್ಟಿ ಹೊರಡಿಸಿದ ದಿನ ಸಾವಿರಾರು ಮನೆಗಳಲ್ಲಿ ಒಂದೇ ಲೆಕ್ಕ ನಡೆಯುತ್ತದೆ. ಯಾವ ಹಬ್ಬ ಶುಕ್ರವಾರ ಬಂದಿದೆ, ಯಾವ ಜಯಂತಿ ಸೋಮವಾರ ಬಂದಿದೆ, ನಡುವೆ ಒಂದು ದಿನ ರಜೆ ಹಾಕಿದರೆ ಒಟ್ಟು ಎಷ್ಟು ದಿನ ಕೈಗೆ ಸಿಗುತ್ತದೆ? ಕಚೇರಿ ಕೆಲಸವಿಲ್ಲದೆ, ಮದುವೆ ಮುಂಜಿಯ ನೆಪವೂ ಇಲ್ಲದೆ, ನೋಡಿಬರಲೆಂದು, ಅಲೆದುಬರಲೆಂದು ಪದೇ ಪದೇ ಊರು ಬಿಡುವವರ ದೊಡ್ಡ ಬಳಗವೇ ಈಗ ನಮ್ಮಲ್ಲಿದೆ. ನಾನೂ ಆ ಬಳಗಕ್ಕೆ ಸೇರಿದ್ದೇನೆ. ಈ ತಿರುಗಾಟ ಕೊಡುವ ಸುಖ ದೊಡ್ಡದು. ಅದರ ಬೆನ್ನಿಗೇ ಬರುವ ತಾಪತ್ರಯಗಳೂ ಕಡಿಮೆಯಲ್ಲ. ಎರಡರ ಬೇರನ್ನೂ ಬಿಡಿಸಿ ನೋಡಿದರೆ, ನಾವು ಹೊರಡುವ ರೀತಿಯನ್ನೇ ಕೊಂಚ ಬದಲಿಸಿಕೊಳ್ಳಬೇಕು ಎಂಬುದು ತಿಳಿಯುತ್ತದೆ.

ತಾಪತ್ರಯ ಶುರುವಾಗುವುದು ಟಿಕೆಟ್‌ನಿಂದ. ರೈಲಿನಲ್ಲಿ ಮುಂಗಡ ಕಾಯ್ದಿರಿಸುವ ಅವಧಿ ಹಿಂದೆ 120 ದಿನವಿತ್ತು. 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿದಿದೆ. ದೂರದ ಯೋಜನೆ ಹಾಕದವರಿಗೆ ಇದರಿಂದ ಅನುಕೂಲವಾಯಿತು, ನಿಜ. ಆದರೆ ಸಾಲು ರಜೆಯ ಹಿಂದಿನ ರಾತ್ರಿ ಕಾರವಾರಕ್ಕೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್‌ಗೋ, ಹೊಸಪೇಟೆ ಮೇಲೆ ಹಾಯುವ ಹಂಪಿ ಎಕ್ಸ್‌ಪ್ರೆಸ್‌ಗೋ ಬರ್ತ್ ಬೇಕೆಂದರೆ ಬುಕಿಂಗ್ ತೆರೆಯುವ ಬೆಳಿಗ್ಗೆ 8 ಗಂಟೆಗೇ ಕೂರಬೇಕು. ಅದು ತಪ್ಪಿದರೆ ಉಳಿಯುವುದು ತತ್ಕಾಲ್. ರೈಲು ಹೊರಡುವ ಹಿಂದಿನ ದಿನ ಬೆಳಿಗ್ಗೆ 10ಕ್ಕೆ ಹವಾನಿಯಂತ್ರಿತ ದರ್ಜೆಗೆ, 11ಕ್ಕೆ ಸ್ಲೀಪರ್‌ಗೆ ಅದು ತೆರೆಯುತ್ತದೆ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯ. ಖಾತ್ರಿಯಾದ ತತ್ಕಾಲ್ ಟಿಕೆಟನ್ನು ರದ್ದು ಮಾಡಿದರೆ ಹಣ ವಾಪಸ್ ಬರುವುದಿಲ್ಲ ಎಂಬುದನ್ನೂ ಮೊದಲೇ ತಿಳಿದಿರಬೇಕು.

ವೇಟಿಂಗ್ ಲಿಸ್ಟ್ ಓದುವುದೂ ಕಲಿಯಬೇಕಾದ ವಿದ್ಯೆ. ರೈಲು ಹೊರಡುವ ನಿಲ್ದಾಣದಿಂದಲೋ ಅದರ ಹತ್ತಿರದಿಂದಲೋ ಹತ್ತುವವರ ಪಟ್ಟಿ ಜಿಎನ್‌ಡಬ್ಲ್ಯುಎಲ್. ಅದರಲ್ಲಿ ಸೀಟು ಹೆಚ್ಚು, ರದ್ದಾಗುವ ಟಿಕೆಟ್‌ಗಳೂ ಹೆಚ್ಚು, ಆದ್ದರಿಂದ ಪಟ್ಟಿ ಬೇಗ ಮುಂದಕ್ಕೆ ಸರಿಯುತ್ತದೆ. ನಡುವಿನ ನಿಲ್ದಾಣಗಳಿಗೆ ಇರುವ ಆರ್‌ಎಲ್‌ಡಬ್ಲ್ಯುಎಲ್, ಹಲವು ಸಣ್ಣ ನಿಲ್ದಾಣಗಳು ಹಂಚಿಕೊಳ್ಳುವ ಪಿಕ್ಯುಡಬ್ಲ್ಯುಎಲ್ ಪಟ್ಟಿಗಳಿಗೆ ಮೀಸಲಾದ ಸೀಟುಗಳೇ ಕಡಿಮೆ. ಹಾಗಾಗಿ ಮೊದಲ ಪಟ್ಟಿಯಲ್ಲಿ 20ನೆಯವರಾಗಿದ್ದರೂ ಬರ್ತ್ ಸಿಗಬಹುದು, ಕೊನೆಯದರಲ್ಲಿ 5ನೆಯವರಾಗಿದ್ದರೂ ಸಿಗದೇ ಹೋಗಬಹುದು. ಆರ್‌ಎಸಿ ಬಂದರೆ ಧೈರ್ಯವಾಗಿ ಹತ್ತಬಹುದು: ಪಕ್ಕದ ಕೆಳಬರ್ತಿನಲ್ಲಿ ಇಬ್ಬರು ಕೂತು ಹೋಗುವ ಹಕ್ಕು ಅದು, ಯಾರಾದರೂ ಬಾರದಿದ್ದರೆ ಮಲಗುವ ಜಾಗವೂ ಸಿಕ್ಕೀತು. ವರ್ಷಕ್ಕೊಮ್ಮೆ ಹೋಗುವವರಿಗೆ ಇದೆಲ್ಲ ತಲೆನೋವು. ಪದೇ ಪದೇ ಹೋಗುವವರಿಗೆ ಇದು ರೂಢಿಯಾಗಿ, ಆತಂಕದ ಮುಕ್ಕಾಲು ಪಾಲು ಅಲ್ಲೇ ಕಳೆಯುತ್ತದೆ.

ರಸ್ತೆಯ ಕಷ್ಟ ಬೇರೆ ಬಗೆಯದು. ಸಾಲು ರಜೆಯ ಹಿಂದಿನ ಸಂಜೆ ಬೆಂಗಳೂರಿನಿಂದ ತುಮಕೂರು, ಹಾಸನದ ಕಡೆಗೆ ಹೊರಟವರು ಗೊರಗುಂಟೆಪಾಳ್ಯದಿಂದ ನೆಲಮಂಗಲ ದಾಟುವಷ್ಟರಲ್ಲೇ ಸುಸ್ತಾಗಿರುತ್ತಾರೆ. ಹಬ್ಬದ ಮುನ್ನಾದಿನ ಖಾಸಗಿ ಬಸ್ಸುಗಳ ದರ ಏರುತ್ತದೆ, ಹೋಂಸ್ಟೇಗಳ ತಲೆವಾರು ದರವೂ ಏರುತ್ತದೆ. ಸ್ವಂತ ಕಾರಿನವರಿಗೆ ಟೋಲ್ ಖರ್ಚು ತುಸು ಹಗುರಾಗಿದೆ: 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದ್ದು (ಆಗಿನ ದರ 3,000 ರೂಪಾಯಿ), ಒಂದು ವರ್ಷ ಅಥವಾ 200 ಬಾರಿ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಆದರೆ ಅದು ರಾಷ್ಟ್ರೀಯ ಹೆದ್ದಾರಿ ಮತ್ತು ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇ ಟೋಲ್‌ಗಳಿಗೆ ಮಾತ್ರ. ರಾಜ್ಯ ಹೆದ್ದಾರಿಯ ಟೋಲ್‌ಗೆ ಎಂದಿನಂತೆ ಹಣ ಕೊಡಬೇಕು.

ಊರು ತಲುಪಿದ ಮೇಲೂ ನಿಯಮಗಳು ಕಾದಿರುತ್ತವೆ. ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ಗುಂಡ್ಲುಪೇಟೆಯಲ್ಲಿ ಊಟಕ್ಕೆ ಕೂತು ತಡಮಾಡಿದವರು ಆ ರಾತ್ರಿ ಅಲ್ಲೇ ಉಳಿಯಬೇಕಾದೀತು. ಕಾಡುಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುವುದನ್ನು ತಡೆಯಲೆಂದೇ ಮಾಡಿದ ನಿಯಮವಿದು. ನಮ್ಮ ಊಟದ ಹೊತ್ತನ್ನು ಅದಕ್ಕೆ ಹೊಂದಿಸಿಕೊಳ್ಳುವುದು ದೊಡ್ಡ ತ್ಯಾಗವೇನಲ್ಲ. ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸ್ಥಳ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಶುಕ್ರವಾರದಿಂದ ಭಾನುವಾರದವರೆಗೆ ಹಂಪಿ ನೋಡಲು ಹೊರಟವರು ಮೊದಲ ದಿನವೇ ಕಮಲಾಪುರದ ಸಂಗ್ರಹಾಲಯಕ್ಕೆ ಹೋದರೆ ಬಾಗಿಲಿಂದ ಮರಳಬೇಕಾಗುತ್ತದೆ.

ಇನ್ನು ಋತುಮಾನ. ಜೋಗದಲ್ಲಿ ಶರಾವತಿ 253 ಮೀಟರ್ ಆಳಕ್ಕೆ ಧುಮುಕುತ್ತದೆ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ನದಿಯ ನೀರು ವಿದ್ಯುತ್ತಿಗಾಗಿ ಮೇಲೆಯೇ ನಿಲ್ಲುತ್ತದೆ. ಆದ್ದರಿಂದ ಮೇ ತಿಂಗಳ ಶಾಲಾ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಕಾಣುವುದು ಬಹುಪಾಲು ಬಂಡೆ. ಜುಲೈನಲ್ಲಿ ಹೋದರೆ ನೀರು ಭೋರ್ಗರೆಯುತ್ತಿರುತ್ತದೆ, ಆದರೆ ಮಂಜು ಕವಿದು ಎದುರಿಗಿದ್ದದ್ದು ಕಾಣದೆ ಹೋಗಬಹುದು. ಗಾಳಿ ಬೀಸಿ ಪರದೆ ಸರಿಯುವವರೆಗೆ ಕಾಯುವ ವ್ಯವಧಾನ ಬೇಕು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕು ಧಾರೆಗಳನ್ನೂ ಬೇರೆ ಬೇರೆಯಾಗಿ ನಿಚ್ಚಳವಾಗಿ ನೋಡಬೇಕೆಂದರೆ ಮಳೆಯ ಅಬ್ಬರ ಇಳಿದ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು.

ಮಳೆಗಾಲದ ಘಟ್ಟಗಳ ಕಥೆ ಇನ್ನೂ ಕಠಿಣ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ರೈಲು ಮಾರ್ಗದಲ್ಲಿ 57 ಸುರಂಗಗಳಿವೆ. 2021ರ ಜುಲೈನಲ್ಲಿ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಬಂದ ಮೇಲೆ ಆ ಹಸಿರನ್ನು ನೋಡಲೆಂದೇ ಹೋಗುವವರು ಹೆಚ್ಚಿದರು. ಆ ಹಸಿರಿಗೆ ಕಾರಣವಾದ ಮಳೆಯೇ ದಾರಿಯನ್ನೂ ಮುಚ್ಚಿಸುತ್ತದೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಗುಡ್ಡ ಕುಸಿದು ರೈಲುಗಳು ನಿಂತವು. ಅದೇ ಮಳೆಗಾಲದಲ್ಲಿ ಸಕಲೇಶಪುರದ ಬಳಿ ಮಣ್ಣು ಜರಿದು ಶಿರಾಡಿ ಘಾಟಿಯ ವಾಹನಗಳೂ ನಿಂತವು. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ಜಿಲ್ಲಾಡಳಿತ ಜಲಪಾತ, ಚಾರಣದ ದಾರಿಗಳನ್ನು ಮುಚ್ಚಿಸಿದರೆ ಸಿಡಿಮಿಡಿಗೊಳ್ಳುವುದು ಸರಿಯಲ್ಲ. ಹೋಂಸ್ಟೇಗೆ ಕೊಟ್ಟ ಮುಂಗಡ ಹೋಗಬಹುದು, ಜೀವ ಉಳಿಯುತ್ತದೆ.

ಮೇಲೆ ಹೇಳಿದ್ದರಲ್ಲಿ ಮಳೆಯೊಂದು ಪ್ರಕೃತಿಯದು. ಉಳಿದ ಕಷ್ಟಗಳಲ್ಲಿ ಬಹುಪಾಲು ಒಂದೇ ಕಾರಣದಿಂದ ಹುಟ್ಟುತ್ತವೆ: ಎಲ್ಲರೂ ಒಂದೇ ದಿನ, ಒಂದೇ ಜಾಗಕ್ಕೆ ಹೊರಡುವುದು. 2024ರ ಗಣರಾಜ್ಯೋತ್ಸವದ ವಾರಾಂತ್ಯದಲ್ಲಿ ಕುಮಾರಪರ್ವತದ ಕಾಲುದಾರಿಯಲ್ಲಿ ಜನ ಸಾಲುಗಟ್ಟಿ ನಿಂತ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಆಮೇಲೆ ಅರಣ್ಯ ಇಲಾಖೆ ಚಾರಣವನ್ನು ಕೆಲಕಾಲ ನಿಲ್ಲಿಸಿ, ಆನ್‌ಲೈನ್ ಕಾಯ್ದಿರಿಸುವ ವ್ಯವಸ್ಥೆ ತಂದು, ದಿನಕ್ಕೆ ಇಂತಿಷ್ಟೇ ಜನ ಎಂದು ಮಿತಿ ಹಾಕಿತು. ರಾಜ್ಯದ ಅತಿ ಎತ್ತರದ ಶಿಖರವಾದ 1,930 ಮೀಟರ್‌ನ ಮುಳ್ಳಯ್ಯನಗಿರಿಗೂ ವಾಹನಗಳ ಮಿತಿ, ಮುಂಗಡ ನೋಂದಣಿ ಬಂದಿದೆ. ನೆರೆಯ ನೀಲಗಿರಿಗೆ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬೇಕು. 2025ರ ಬೇಸಿಗೆಗೆ ಅಲ್ಲಿ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿ ಹಾಕಲಾಯಿತು. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಪಾಸಿನ ಗೊಡವೆಯಿಲ್ಲ.

ಈ ಮಿತಿಗಳನ್ನು ಕಿರುಕುಳವೆಂದು ಬಗೆಯುವವರಿದ್ದಾರೆ. ನಾನು ಅವನ್ನು ಮನಸಾರೆ ಒಪ್ಪುತ್ತೇನೆ. ಬೆಟ್ಟದ ತುದಿಗೆ ಹೋಗಲು ಒಂದೇ ಇಕ್ಕಟ್ಟಿನ ರಸ್ತೆ, ಮೇಲೆ ಕಾರು ತಿರುಗಿಸಲು ಅಂಗೈಯಗಲದ ಜಾಗ, ಕುಡಿಯುವ ನೀರಿಗೆ ಊರಿನವರದೇ ತೊರೆ, ಕಸ ಒಯ್ಯಲು ಗ್ರಾಮ ಪಂಚಾಯಿತಿಯ ಒಂದು ಸಣ್ಣ ಗಾಡಿ. ಇಷ್ಟರ ಮೇಲೆ ಎರಡು ದಿನದಲ್ಲಿ ಸಾವಿರಾರು ಜನ ಬಂದು ಬಿದ್ದರೆ ಮೊದಲು ನರಳುವವರು ಅಲ್ಲಿನವರು. ಆಸ್ಪತ್ರೆಗೆ ಹೊರಟ ಬಾಣಂತಿ, ತೋಟಕ್ಕೆ ಹೊರಟ ಕೂಲಿಯವರ ಜೀಪು, ಶಾಲೆಯಿಂದ ಮರಳುವ ಮಕ್ಕಳು ನಮ್ಮ ಕಾರುಗಳ ಸಾಲಿನ ಹಿಂದೆ ನಿಲ್ಲುತ್ತಾರೆ. ವರ್ಷಕ್ಕೊಮ್ಮೆ ಹೋಗುವವರು ಈ ಭಾರಕ್ಕೆ ಒಮ್ಮೆ ಸೇರುತ್ತಾರೆ. ಪದೇ ಪದೇ ಹೋಗುವ ನಾವು ಪ್ರತಿ ಸಲವೂ ಸೇರುತ್ತೇವೆ.

ಹಾಗಾದರೆ ತಿರುಗುವುದನ್ನೇ ಬಿಡಬೇಕೆ? ಬೇಡ. ಪದೇ ಪದೇ ಹೋಗುವವರಿಗಷ್ಟೇ ಸಿಗುವ ಒಂದು ಸುಖವಿದೆ. ಅದನ್ನು ಅರಿತರೆ ಗದ್ದಲದ ದಿನ ಹೋಗುವ ಅಗತ್ಯವೇ ಬೀಳುವುದಿಲ್ಲ. ಆ ಸುಖ ಯಾವುದೆಂದರೆ, ಈ ಸಲ ನೋಡದೆ ಬಿಟ್ಟುಬರಬಹುದು ಎಂಬ ನೆಮ್ಮದಿ. ಮತ್ತೆ ಬರಲಾಗುತ್ತದೋ ಇಲ್ಲವೋ ಎಂಬ ಚಿಂತೆಯಿದ್ದವರು ಒಂದೇ ದಿನದಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮುಗಿಸಲೇಬೇಕು. ಊಟ ಗಾಡಿಯಲ್ಲಿ, ನಿದ್ದೆ ಗಾಡಿಯಲ್ಲಿ, ನೋಡುವುದು ಓಡುತ್ತಾ ಓಡುತ್ತಾ. ಮತ್ತೆ ಬರಬಲ್ಲವರು ಒಂದೇ ಗುಡಿಯ ಮುಂದೆ ಅರ್ಧ ದಿನ ಕೂರಬಹುದು.

ಬೇಲೂರನ್ನೇ ನೋಡಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದಲ್ಲಿ 42 ಮದನಿಕೆಯರಿದ್ದಾರೆ: ಹೊರಗೆ 38, ನವರಂಗದೊಳಗೆ 4. ಮೊದಲ ಸಲ ಹೋದವರಿಗೆ ಗೈಡ್ ತೋರಿಸುವುದು ದರ್ಪಣ ಸುಂದರಿ ಮತ್ತು ಆಕೆಯಂಥ ಇನ್ನು ಕೆಲವರನ್ನು. ಗುಂಪಿನ ಹಿಂದೆ ಗುಂಪು ಕಾದಿರುವಾಗ ಗೈಡ್‌ಗೂ ಅಷ್ಟೇ ಹೊತ್ತು ಸಿಗುವುದು. ಎರಡನೇ ಸಲ, ವಾರದ ನಡುವೆ ಹೋದರೆ ಮದನಿಕೆಯರ ಕೆಳಗೆ ಕೆತ್ತಿದ ಅಕ್ಷರಗಳು ಕಾಣುತ್ತವೆ. ಅವು ಶಿಲ್ಪಿಗಳ ಸಹಿ. ಅವರಲ್ಲಿ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವೆಯವರು. ಆ ಊರು ಇರುವುದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ. ಬೇಲೂರಿಗೆ ಕಲ್ಲು ಕೆತ್ತಲು ಅಷ್ಟು ದೂರದಿಂದ ಬಂದವರ ಊರು ಹೇಗಿದ್ದೀತು ಎಂಬ ಕುತೂಹಲವೇ ಮೂರನೇ ಪ್ರಯಾಣಕ್ಕೆ ಕಾರಣವಾಗುತ್ತದೆ. ಅಲ್ಲಿ ತ್ರಿಕೂಟದ ಕೇದಾರೇಶ್ವರ ದೇವಾಲಯವಿದೆ, ಸಮೀಪದಲ್ಲೇ ಕದಂಬರ ಸ್ತಂಭ ಶಾಸನದ ತಾಳಗುಂದವಿದೆ. ಒಂದು ಗುಡಿಯ ಗೋಡೆಯ ಮೇಲಿನ ಹೆಸರು ಇನ್ನೊಂದು ಜಿಲ್ಲೆಯ ದಾರಿ ತೋರಿಸುವ ಈ ಸಂತೋಷಕ್ಕೆ ಸಮನಾದದ್ದು ನನಗೆ ಬೇರೆ ಸಿಕ್ಕಿಲ್ಲ.

ಹೀಗೆ ತಿರುಗುವವರಿಗೆ ಜನ ಮುಗಿಬೀಳದ ಜಾಗಗಳೂ ತಾವಾಗಿ ಸಿಗುತ್ತವೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದವು, ಬರುವವರು ಹೆಚ್ಚಿದರು. ಆದರೆ ಅಷ್ಟು ಜನ ಹೋಗದ ಗುಡಿಗಳೂ ಇವೆ: ಹಾಸನ ಮತ್ತು ಬೇಲೂರಿನ ನಡುವಿನ ದೊಡ್ಡಗದ್ದವಳ್ಳಿಯಲ್ಲಿ ಕೆರೆಯ ದಂಡೆಗೆ ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿ ದೇವಾಲಯವಿದೆ. ತರೀಕೆರೆಯ ಬಳಿ 1196ರ ಅಮೃತಾಪುರದ ಅಮೃತೇಶ್ವರವಿದೆ. ಹಂಪಿಗೆ ಹೋಗುವವರು ಕೊಪ್ಪಳದ ಕಡೆ ತುಸು ಹೊರಳಿದರೆ ಇಟಗಿಯ ಮಹಾದೇವ ದೇವಾಲಯ ಸಿಗುತ್ತದೆ. ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಆ ಗುಡಿಯನ್ನು ಶಾಸನವೇ ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಇಂಥಲ್ಲೆಲ್ಲ ಅರ್ಚಕರೋ ಕಾವಲುಗಾರರೋ ಬಿಡುವಾಗಿ ಮಾತಿಗೆ ಸಿಗುತ್ತಾರೆ. ಊರಿನ ಜಾತ್ರೆ ಯಾವಾಗ, ಕೆರೆ ಯಾವ ವರ್ಷ ಕೋಡಿ ಬಿತ್ತು, ಯಾವ ಹೊತ್ತಿನಲ್ಲಿ ಬೆಳಕು ಯಾವ ಗೋಡೆಗೆ ಬೀಳುತ್ತದೆ ಎಂಬುದೆಲ್ಲ ಅವರಿಗೆ ಗೊತ್ತಿರುತ್ತದೆ.

ಋತು ಬದಲಾದಂತೆ ಅದೇ ಊರು ಬೇರೆ ಊಟ ಬಡಿಸುತ್ತದೆ. ಮಲೆನಾಡಿನ ಮನೆಗಳಲ್ಲಿ ಜುಲೈ, ಆಗಸ್ಟ್ ಎಂದರೆ ಕಳಲೆ ಪಲ್ಯ, ಪತ್ರೊಡೆ. ಕೊಡಗಿನಲ್ಲಿ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದುಸೊಪ್ಪಿನ ರಸದಲ್ಲಿ ಮಾಡಿದ ನೇರಳೆ ಬಣ್ಣದ ಪಾಯಸ. ಉತ್ತರ ಕರ್ನಾಟಕದ ಖಾನಾವಳಿಗಳಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ವರ್ಷವಿಡೀ ಸಿಕ್ಕರೂ ಎಳ್ಳಮಾವಾಸ್ಯೆಯ ಆಸುಪಾಸು ಹೊಲದಲ್ಲಿ ಕೂತು ಸಜ್ಜೆ ರೊಟ್ಟಿ ಉಣ್ಣುವ ರುಚಿಯೇ ಬೇರೆ. ಒಮ್ಮೆ ಹೋದವರಿಗೆ ಅಡುಗೆಮನೆಯ ಬಾಗಿಲು ತೆರೆಯುವುದಿಲ್ಲ. ಎರಡನೇ ಸಲ ಹೋದಾಗ ಮನೆಯ ಅಮ್ಮ ಹೋದ ಸಲದ ಮಗುವಿನ ಜ್ವರ ವಾಸಿಯಾಯಿತೇ ಎಂದು ಕೇಳುತ್ತಾರೆ. ಆ ಮಾತಿನಿಂದಾಚೆಗೆ ನಾವು ಗಿರಾಕಿಗಳಾಗಿ ಉಳಿಯುವುದಿಲ್ಲ, ನೆಂಟರಾಗುತ್ತೇವೆ.

ಮನೆಯ ಕಡೆಯ ಕಷ್ಟಗಳನ್ನು ಹಗುರವಾಗಿ ಕಾಣಬಾರದು. ವಯಸ್ಸಾದ ತಂದೆತಾಯಿಯ ಮಾತ್ರೆ, ಸಾಕಿದ ನಾಯಿ, ಕುಂಡದ ಗಿಡ, ಮಕ್ಕಳ ಪರೀಕ್ಷೆ ಎಲ್ಲಕ್ಕೂ ಯಾರನ್ನಾದರೂ ಕೇಳಿಕೊಳ್ಳಬೇಕು. ಬಂಧುಗಳ ಗೃಹಪ್ರವೇಶ ತಪ್ಪಿಸಿ ಬೆಟ್ಟ ಹತ್ತಲು ಹೋದದ್ದು ಬಹುಕಾಲ ನೆನಪಿನಲ್ಲಿ ಉಳಿಯುತ್ತದೆ. ಭಾನುವಾರ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಸೋಮವಾರ ಕೆಲಸಕ್ಕೆ ಹೋದರೆ ವಾರವಿಡೀ ಮೈ ಹಿಡಿದುಕೊಂಡಿರುತ್ತದೆ. ಇದಕ್ಕೆ ನಾನು ಕಂಡುಕೊಂಡ ಪರಿಹಾರ ಎರಡು. ಹಿಂತಿರುಗುವುದನ್ನು ಕೊನೆಯ ರಾತ್ರಿಗೆ ಇಟ್ಟುಕೊಳ್ಳದೆ ಅರ್ಧ ದಿನ ಮೊದಲೇ ಮನೆ ಸೇರುವುದು. ಮನೆಯ ಹಿರಿಯರಿಗೆ ಸಾಧ್ಯವಾಗುವ ಊರುಗಳನ್ನು ಆಗಾಗ ಆರಿಸಿ ಅವರನ್ನೂ ಕರೆದೊಯ್ಯುವುದು. ಹತ್ತು ಜಾಗ ನೋಡಬೇಕೆಂಬ ಹಟವಿಲ್ಲದಿದ್ದರೆ ಮಂಡಿನೋವಿನ ಅಜ್ಜಿಯೂ ಒಳ್ಳೆಯ ಜೊತೆಗಾರ್ತಿಯೇ.

ಈಗ ಹೊಣೆಯ ಮಾತು. ನಮ್ಮಂತೆ ಆಗಾಗ ಹೋಗಲಾರದವರು ಈ ನಾಡಿನಲ್ಲಿ ಬಹಳ ಜನ. ಅಂಗಡಿಯ ನೌಕರರಿಗೆ, ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಕ್ಕಳಿಗೆ ರಜೆ ಸಿಗುವುದೇ ಹಬ್ಬದ ದಿನ. ಮಂಗಳವಾರ ಹೋಗೋಣ ಎನ್ನುವ ಆಯ್ಕೆ ಅವರಿಗಿಲ್ಲ. ಡಿಸೆಂಬರ್, ಜನವರಿಯಲ್ಲಿ ಸರ್ಕಾರಿ ಬಸ್ಸುಗಳಲ್ಲಿ ಹಾಡು ಹೇಳುತ್ತಾ ಶಾಲಾ ಪ್ರವಾಸ ಹೊರಡುವ ಮಕ್ಕಳಲ್ಲಿ ಹಲವರಿಗೆ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿ ಬಾಲ್ಯದಲ್ಲಿ ಒಮ್ಮೆ ಮಾತ್ರ ಸಿಗುವ ಬೆರಗು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ರಾಜ್ಯದ ಮಹಿಳೆಯರು ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲದೆ ಓಡಾಡುತ್ತಿದ್ದಾರೆ. ಗಂಡನನ್ನೋ ಮಗನನ್ನೋ ಹಣ ಕೇಳದೆ, ಗೆಳತಿಯರ ಜೊತೆ ಧರ್ಮಸ್ಥಳಕ್ಕೋ ಸವದತ್ತಿಗೋ ಹೊರಟವರನ್ನು ನೋಡಿ ಬಸ್ಸು ತುಂಬಿತೆಂದು ಗೊಣಗುವವರಿದ್ದಾರೆ. ನನಗೆ ಅವರ ಮುಖದ ಉತ್ಸಾಹ ಕಂಡಾಗ ಈ ನಾಡು ಅವರದೂ ಆಯಿತು ಎಂಬ ಸಂತೋಷವಾಗುತ್ತದೆ.

ಅವರಿಗೂ ನಮಗೂ ಇರುವ ರಸ್ತೆ ಒಂದೇ, ಬೆಟ್ಟ ಒಂದೇ, ಬರ್ತ್‌ಗಳೂ ಅಷ್ಟೇ. ಬೇರೆ ದಿನ ಹೋಗಬಲ್ಲವರು ಸಾಲು ರಜೆಯ ದಿನವೂ ಹೊರಟರೆ, ಆ ಒಂದೇ ದಿನ ಹೋಗಬಲ್ಲವರ ಜಾಗವನ್ನು ಕಿತ್ತುಕೊಂಡಂತಾಗುತ್ತದೆ. ರಜೆ ಉಳಿಸಿಕೊಂಡಿರುವವರು, ಮನೆಯಿಂದಲೇ ಕೆಲಸ ಮಾಡಬಲ್ಲವರು, ನಿವೃತ್ತರು ಹಬ್ಬದ ವಾರಾಂತ್ಯವನ್ನು ಉಳಿದವರಿಗೆ ಬಿಟ್ಟುಕೊಟ್ಟು ಮುಂದಿನ ವಾರದ ನಡುವೆ ಹೋದರೆ ಯಾರಿಗೂ ನಷ್ಟವಿಲ್ಲ. ಸಾಧ್ಯವಿದ್ದಷ್ಟು ಕಡೆ ಸರ್ಕಾರಿ ಬಸ್ಸು, ರೈಲು ಹಿಡಿಯೋಣ. ಒಂದು ಬಸ್ಸು ಘಾಟಿಯಿಂದ ಎಷ್ಟೋ ಕಾರುಗಳನ್ನು ಕಡಿಮೆ ಮಾಡುತ್ತದೆ. ನೀರಿನ ಬಾಟಲಿ ಮನೆಯಿಂದಲೇ ಒಯ್ಯೋಣ, ನಾವು ತಂದ ಪ್ಲಾಸ್ಟಿಕನ್ನು ನಾವೇ ಕೆಳಗೆ ಹೊತ್ತು ತರೋಣ. ಊರಿನ ಗೈಡ್‌ಗೆ, ಊರಿನ ಹೋಟೆಲಿಗೆ ನಮ್ಮ ಹಣ ಸೇರಲಿ. ಸರ್ಕಾರವೂ ವಾರದ ನಡುವೆ ಬರುವವರಿಗೆ ತನ್ನ ಮಯೂರ ಹೋಟೆಲುಗಳಲ್ಲಿ ದರ ಇಳಿಸಿ, ಪ್ರವಾಸಿ ತಾಣಗಳಿಗೆ ಆ ದಿನಗಳಲ್ಲೂ ಸಾಕಷ್ಟು ಬಸ್ಸು ಬಿಟ್ಟರೆ ಈ ಬದಲಾವಣೆ ಬೇಗ ಆದೀತು.

ಪದೇ ಪದೇ ಹೊರಡಲು ಆಗುವುದು ಒಂದು ಭಾಗ್ಯ. ಆರೋಗ್ಯ, ರಜೆ, ಹಣ, ಮನೆಯವರ ಒಪ್ಪಿಗೆ ನಾಲ್ಕೂ ಕೂಡಿಬಂದವರಿಗಷ್ಟೇ ಅದು ದಕ್ಕುತ್ತದೆ. ದಕ್ಕಿದವರು ಗದ್ದಲದ ದಿನವನ್ನು ಬಿಟ್ಟುಕೊಡಲು ಕಲಿತರೆ ನಮ್ಮ ತಾಪತ್ರಯಗಳಲ್ಲಿ ಅರ್ಧ ತಾನಾಗಿ ನಿವಾರಣೆಯಾಗುತ್ತದೆ. ಜೊತೆಗೆ, ಜೀವಮಾನದಲ್ಲಿ ಒಮ್ಮೆ ಜೋಗ ನೋಡಲು ಬಂದ ಕುಟುಂಬಕ್ಕೆ ಕಟಕಟೆಯ ಬಳಿ ನಿಂತು ಕಣ್ತುಂಬ ನೋಡುವಷ್ಟು ಜಾಗವೂ ಸಿಗುತ್ತದೆ.